ಸಂತ ಫಿಲೋಮಿನಮ್ಮನವರ ಮೂರು ಹೆಂಚುಗಳು



ಆಗಸ್ಟ್ 11 ಬಂತೆಂದರೆ ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಎಷ್ಟೋ ಅಜ್ಜಿಯರಿಗೆ ತಮ್ಮ ಹೆಸರಿನ ಸಂತರ ನೆನಪು. ಮನೆಗೊಬ್ಬ ಫಿಲೋಮಿನಾ ಇದ್ದ ಕಾಲವೂ ಇತ್ತು. ವಿವೇಕನಗರದ ಆಸ್ಪತ್ರೆಗೂ ಅದೇ ಹೆಸರು. ಈಗೀಗ ಮೊಮ್ಮಕ್ಕಳು ಮೊಬೈಲಿನಲ್ಲಿ ಹುಡುಕಿ ಬಂದು, "ಅಜ್ಜೀ, ನಿನ್ನ ಹೆಸರಿನ ಸಂತರನ್ನು ರೋಮಿನವರು ಪಟ್ಟಿಯಿಂದ ತೆಗೆದುಹಾಕಿದ್ದಾರಂತೆ!" ಎಂದುಬಿಡುತ್ತಾರೆ. ಎಪ್ಪತ್ತು ವರ್ಷ ಆ ಹೆಸರು ಹೊತ್ತ ಜೀವಕ್ಕೆ ಹೇಗಾಗಬೇಡ? ನಡೆದದ್ದೇನೆಂದು ನಾವು ಸ್ವಲ್ಪ ನಿಧಾನವಾಗಿ ನೋಡೋಣ.

1802ರ ಮೇ ತಿಂಗಳು. ರೋಮಿನ ಸಲಾರಿಯಾ ರಸ್ತೆಯ ಪ್ರಿಸಿಲ್ಲಾ ನೆಲಮಾಳಿಗೆ ಸಮಾಧಿಗಳಲ್ಲಿ ಅಗೆಯುವವರಿಗೆ ಗೋಡೆಯಲ್ಲಿ ಕೊರೆದ ಒಂದು ಗೂಡು ಸಿಕ್ಕಿತು. ಅದರ ಬಾಯನ್ನು ಮೂರು ಸುಟ್ಟ ಹೆಂಚುಗಳಿಂದ ಮುಚ್ಚಲಾಗಿತ್ತು. ಅವುಗಳ ಮೇಲೆ ಕೆಂಪು ಬಣ್ಣದ ಲತೀನ್ ಅಕ್ಷರಗಳು: 'ಲೂಮೆನಾ', 'ಪಾಕ್ಸ್ ತೆ', 'ಕುಮ್ ಫಿ'. ಇದ್ದ ಹಾಗೆ ಓದಿದರೆ ಅರ್ಥವಿಲ್ಲ. ಮೊದಲ ಹೆಂಚನ್ನು ಕೊನೆಗೆ ಇಟ್ಟರೆ 'ಪಾಕ್ಸ್ ತೇಕುಮ್ ಫಿಲೂಮೆನಾ', ಅಂದರೆ 'ಫಿಲೋಮಿನಾ, ನಿನಗೆ ಶಾಂತಿ' ಎಂದಾಗುತ್ತದೆ. ಜೊತೆಗೆ ಲಂಗರು, ಬಾಣ, ಗರಿಗಳ ಚಿತ್ರ. ಒಳಗೆ ಹದಿಹರೆಯದ ಹುಡುಗಿಯ ಮೂಳೆಗಳು, ಪಕ್ಕದಲ್ಲಿ ಒಂದು ಒಡೆದ ಗಾಜಿನ ಕುಪ್ಪಿ. ಆ ಕುಪ್ಪಿ ರಕ್ತಸಾಕ್ಷಿಯ ಗುರುತೆಂದು ಅಂದಿನವರು ನಂಬಿದ್ದರು. ಸಿಕ್ಕಿದ್ದು ಇಷ್ಟೇ.

ಹಾಗಾದರೆ ನಮ್ಮ ಅಜ್ಜಿಯರು ಹೇಳುವ ಕಥೆ ಎಲ್ಲಿಂದ ಬಂತು? ಗ್ರೀಕ್ ರಾಜನ ಮಗಳು, ಚಕ್ರವರ್ತಿ ಡಯೊಕ್ಲೇಶಿಯನ್ ಮದುವೆಯಾಗೆಂದಾಗ ಕನ್ಯಾವ್ರತ ಬಿಡಲೊಪ್ಪಲಿಲ್ಲ, ಕೊರಳಿಗೆ ಲಂಗರು ಕಟ್ಟಿ ಟೈಬರ್ ನದಿಗೆ ಎಸೆದರು, ಬಾಣ ಬಿಟ್ಟರು, ಕೊನೆಗೆ ತಲೆ ಕಡಿದರು. ಇದನ್ನು 1833ರಲ್ಲಿ ನೇಪಲ್ಸಿನ ಸಿಸ್ಟರ್ ಮರಿಯಾ ಲೂಯಿಸಾ ಎಂಬುವರು, ಸಂತರೇ ತಮಗೆ ತಿಳಿಸಿದರೆಂದು ಹೇಳಿದರು. ಅದು ಖಾಸಗಿ ದರ್ಶನ. ಅದನ್ನು ನಂಬಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಗಮನಿಸಿ ನೋಡಿದರೆ ಹೆಂಚಿನ ಮೇಲಿನ ಚಿತ್ರಗಳೇ ಇಲ್ಲಿ ಹಿಂಸೆಯ ಉಪಕರಣಗಳಾಗಿವೆ. ಆದರೆ ಆದಿ ಕ್ರೈಸ್ತರು ಸಮಾಧಿಗಳ ಮೇಲೆ ಲಂಗರನ್ನು ಬರೆಯುತ್ತಿದ್ದುದು ನಿರೀಕ್ಷೆಯ ಗುರುತಾಗಿ. ಹಿಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯವನ್ನು ಓದಿದವರಿಗೆ ಇದು ಹೊಸದಲ್ಲ. ಮಗಳನ್ನು ಮಣ್ಣುಮಾಡಿದ ಮನೆಯವರು ಬರೆಸಿದ ನಿರೀಕ್ಷೆಯ ಚಿಹ್ನೆ, ಸಾವಿರದೈನೂರು ವರ್ಷಗಳ ನಂತರ ಕೊರಳಿನ ಭಾರವಾಯಿತು! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಒರಾಜಿಯೊ ಮರೂಕ್ಕಿ ಎಂಬ ವಿದ್ವಾಂಸರು, ಹೆಂಚುಗಳು ಹಿಂದುಮುಂದಾಗಿರುವುದೇ ಅವನ್ನು ಬೇರೆ ಸಮಾಧಿಯಿಂದ ತಂದು ಮತ್ತೆ ಬಳಸಿದ್ದಕ್ಕೆ ಸಾಕ್ಷಿ ಎಂದು ವಾದಿಸಿದರು.

ಭಕ್ತಿ ಮಾತ್ರ ಕಾಡ್ಗಿಚ್ಚಿನಂತೆ ಹಬ್ಬಿತ್ತು. 1805ರಲ್ಲಿ ಪವಿತ್ರ ಅವಶೇಷಗಳು ನೇಪಲ್ಸ್ ಬಳಿಯ ಮುನ್ಯಾನೊ ಊರಿಗೆ ಹೋದವು. 1835ರಲ್ಲಿ ಅಲ್ಲಿ ಪೌಲೀನ್ ಜಾರಿಕೊ ಗುಣಮುಖರಾದರು. 1837ರಲ್ಲಿ ಜಗದ್ಗುರು ಹದಿನಾರನೆಯ ಗ್ರೆಗೊರಿಯವರು ಹಬ್ಬಕ್ಕೆ ಅನುಮತಿಯಿತ್ತರು. ಆರ್ಸ್ ಊರಿನ ಸಂತ ಜಾನ್ ಮರಿಯ ವಿಯಾನ್ನಿಯವರಂತೂ ತಮ್ಮ ಮೂಲಕ ನಡೆದ ಅದ್ಭುತಗಳನ್ನೆಲ್ಲ ಫಿಲೋಮಿನಮ್ಮನವರ ಲೆಕ್ಕಕ್ಕೇ ಬರೆಯುತ್ತಿದ್ದರು. ನಮ್ಮ ಮೈಸೂರು ಮಿಷನ್ ನಡೆಸುತ್ತಿದ್ದವರೂ ಫ್ರಾನ್ಸಿನ ಗುರುಗಳೇ. 1926ರಲ್ಲಿ ಮಹಾರಾಜರ ಕಾರ್ಯದರ್ಶಿ ತಂಬುಚೆಟ್ಟಿಯವರು ಅವಶೇಷವೊಂದನ್ನು ಮೈಸೂರಿಗೆ ತರಿಸಿದರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾದೇವಾಲಯಕ್ಕೆ ಅಡಿಗಲ್ಲಿಟ್ಟರು. ಆಗ ಬೆಂಗಳೂರೂ ಮೈಸೂರು ಧರ್ಮಪ್ರಾಂತ್ಯದಲ್ಲೇ ಇತ್ತು, ಬೇರೆಯಾದದ್ದು 1940ರಲ್ಲಿ.

ಇನ್ನು ಮೊಮ್ಮಕ್ಕಳ ಪ್ರಶ್ನೆಗೆ ಬರೋಣ. 1961ರಲ್ಲಿ ರೋಮಿನ ಪೂಜಾವಿಧಿಗಳ ಪರಿಷತ್ತು ಈ ಹಬ್ಬವನ್ನು ಎಲ್ಲ ಪಂಚಾಂಗಗಳಿಂದ ತೆಗೆಯಬೇಕೆಂದು ಆದೇಶಿಸಿತು. ತೆಗೆದದ್ದು ಪೂಜಾವಿಧಿಯ ಹಬ್ಬವನ್ನು. 'ಆಕೆ ಸ್ವರ್ಗದಲ್ಲಿಲ್ಲ' ಎಂದು ಧರ್ಮಸಭೆ ಹೇಳಲಿಲ್ಲ, ಖಾಸಗಿ ಭಕ್ತಿಯನ್ನೂ ನಿಷೇಧಿಸಲಿಲ್ಲ. ಪೂಜೆಯಲ್ಲಿ ಇಡೀ ಸಭೆಯ ಹೆಸರಿನಲ್ಲಿ ಆಡುವ ಮಾತಿಗೆ ಗಟ್ಟಿ ಆಧಾರ ಬೇಕೆಂಬುದಷ್ಟೇ ಅದರ ಕಾಳಜಿ. ಅದು ಸರಿಯೆಂದೇ ನಮಗೆ ತೋರುತ್ತದೆ.

ಗಟ್ಟಿ ಆಧಾರವೆಂದರೆ ಹೇಗಿರುತ್ತದೆ? 203ರಲ್ಲಿ ಕಾರ್ಥೇಜಿನಲ್ಲಿ ಪ್ರಾಣಕೊಟ್ಟ ಪೆರ್ಪೆತುವಾ ಅವರನ್ನು ನೋಡಿ. ಇಪ್ಪತ್ತೆರಡರ ಬಾಣಂತಿ, ಮೊಲೆಯುಣ್ಣುವ ಕೂಸು. ಸೆರೆಮನೆಯ ಕತ್ತಲೆ, ಕೂಸಿನ ಚಿಂತೆ, ಕಾಲಿಗೆ ಬಿದ್ದು ಅಳುವ ಮುದಿ ತಂದೆ, ಎಲ್ಲವನ್ನೂ ಆಕೆ ತಾನೇ ಬರೆದಿಟ್ಟಳು. ಜೊತೆಗಿದ್ದ ದಾಸಿ ಫೆಲಿಚಿತಾ ಸೆರೆಮನೆಯಲ್ಲೇ ಹೆತ್ತಳು. ಇಲ್ಲಿ ರಾಜಕುಮಾರಿಯೂ ಇಲ್ಲ, ಚಕ್ರವರ್ತಿಯ ಮದುವೆಯ ಪ್ರಸ್ತಾಪವೂ ಇಲ್ಲ. ಬಲಿಪೂಜೆಯ ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ಈ ಇಬ್ಬರ ಜೊತೆಗೆ ಆಗತಾ, ಲೂಸಿಯಾ, ಆಗ್ನೆಸ್, ಸಿಸಿಲಿಯಾ, ಅನಸ್ತಾಸಿಯಾ ಎಂದು ಏಳು ರಕ್ತಸಾಕ್ಷಿ ಸ್ತ್ರೀಯರ ಹೆಸರುಗಳಿವೆ. (ಗುರುಗಳು ಚಿಕ್ಕ ಪ್ರಾರ್ಥನೆಯನ್ನೇ ಆರಿಸಿಕೊಂಡರೆ ನಮಗೆ ಕೇಳಿಸುವುದಿಲ್ಲ, ಅಷ್ಟೇ!)

ಫಿಲೋಮಿನಾ ಅಜ್ಜಿ ತನ್ನ ಹೆಸರನ್ನು ಬದಲಿಸಬೇಕಾಗಿಲ್ಲ. ಮೈಸೂರಿನ ಮಹಾದೇವಾಲಯವೂ ಬದಲಿಸಿಲ್ಲ, ವಿವೇಕನಗರದ ಆಸ್ಪತ್ರೆಯೂ ಬದಲಿಸಿಲ್ಲ. ಮೈಸೂರಿಗೆ ಹೋದಾಗ ಮಕ್ಕಳನ್ನು ಪೀಠದ ಕೆಳಗಿನ ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ಮಲಗಿರುವ ಆ ಸ್ವರೂಪದ ಮುಂದೆ ಲಂಗರಿನ ಅರ್ಥವನ್ನು ಹೇಳಿಕೊಡಿ.