ತೊಟ್ಟಿಯ ಗೋಡೆಗಂಟಿದ ಮೊಟ್ಟೆಗಳು

ಚೆನ್ನೈಯ ಕೊಳತ್ತೂರಿನಲ್ಲಿ ಬಣ್ಣದ ಮೀನು ಸಾಕುವುದು ಮನೆಮಂದಿಯೆಲ್ಲ ಸೇರಿ ಮಾಡುವ ಕಸುಬು. ಹಿತ್ತಿಲು, ತಾರಸಿ, ಖಾಲಿ ಸೈಟುಗಳಲ್ಲಿ ಸಿಮೆಂಟ್ ತೊಟ್ಟಿ ಕಟ್ಟಿ ಗೋಲ್ಡ್‌ಫಿಶ್, ಕೋಯಿ, ಗಪ್ಪಿ, ಮೋಲಿ, ಫೈಟರ್‌ಗಳ ಮರಿ ಮಾಡಿಸುತ್ತಾರೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಅವು ರೈಲು, ಬಸ್ಸು ಹತ್ತಿ ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳವರೆಗೆ ಬರುತ್ತವೆ. ಕೆಲವೊಮ್ಮೆ ಅವುಗಳ ಮೈಗೆ ಅಂಟಿಕೊಂಡು ಇನ್ನೂ ಎರಡು ಜೀವಿಗಳು ಪ್ರಯಾಣ ಮಾಡುತ್ತವೆ.

ಒಂದು ಮೀನಿನ ಹೇನು, ಆರ್ಗ್ಯುಲಸ್. ಇನ್ನೊಂದು ಆಂಕರ್ ವರ್ಮ್, ಲೆರ್ನಿಯಾ. ಮೊದಲನೆಯದು ಹೇನಲ್ಲ, ಎರಡನೆಯದು ಹುಳುವೂ ಅಲ್ಲ. ಎರಡೂ ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಕವಚಜೀವಿಗಳು. ಔಷಧ ಆರಿಸುವಾಗ ಈ ನಂಟು ಬಹಳ ಮುಖ್ಯವಾಗುತ್ತದೆ.

ಆರ್ಗ್ಯುಲಸ್ ಕೆಲವೇ ಮಿಲಿಮೀಟರ್ ಉದ್ದದ, ಚಪ್ಪಟೆಯಾದ, ಪಾರದರ್ಶಕ ಜೀವಿ. ಎರಡು ಹೀರುಬಟ್ಟಲುಗಳಿಂದ ಮೀನಿನ ಚರ್ಮಕ್ಕೆ ಕಚ್ಚಿಕೊಂಡು, ಸೂಜಿಯಂಥ ಅಂಗವನ್ನು ಚುಚ್ಚಿ ವಿಷ ಬಿಡುತ್ತದೆ. ಉರಿ ತಾಳಲಾರದೆ ಮೀನು ತೊಟ್ಟಿಯ ಗೋಡೆಗೆ ಮೈ ಉಜ್ಜುತ್ತದೆ, ನೀರಿನಿಂದ ಮೇಲಕ್ಕೆ ಚಿಮ್ಮುತ್ತದೆ. ಗಾಯದ ದಾರಿಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಹೊಕ್ಕು ಅನೇಕ ಮೀನುಗಳನ್ನು ಕೊಲ್ಲುತ್ತವೆ. ಆಹಾರದ ಮೀನಿನ ಕೃಷಿಕರಿಗೂ ಇದು ದೊಡ್ಡ ಪಿಡುಗು: ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ವಿಜ್ಞಾನಿಗಳು ಗೆಂಡೆ ಮೀನಿನ ಕೊಳಗಳಲ್ಲಿ ಇದರಿಂದಾಗುವ ನಷ್ಟವನ್ನು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 29,500 ರೂಪಾಯಿ ಎಂದು ಅಂದಾಜಿಸಿದ್ದಾರೆ.

ಲೆರ್ನಿಯಾದ ಹಾನಿ ಇನ್ನೊಂದು ಬಗೆಯದು. ಕೂಡಿದ ಮೇಲೆ ಗಂಡು ಸಾಯುತ್ತದೆ. ಹೆಣ್ಣು ಲಂಗರಿನ ಆಕಾರದ ತಲೆಯನ್ನು ಮೀನಿನ ಮಾಂಸದೊಳಗೆ ಹೂತು, ಉಳಿದ ಮೈಯನ್ನು ದಾರದ ಎಳೆಯಂತೆ ಹೊರಗೆ ಇಳಿಬಿಡುತ್ತದೆ. ಬಾಲದ ತುದಿಯಲ್ಲಿ ಎರಡು ಮೊಟ್ಟೆಚೀಲ. ಬೆಚ್ಚನೆಯ ನೀರಿನಲ್ಲಿ ಒಂದು ಹೆಣ್ಣು ಎರಡು ವಾರಕ್ಕೊಮ್ಮೆ 250ರವರೆಗೆ ಮರಿಗಳನ್ನು ನೀರಿಗೆ ಬಿಡಬಲ್ಲದು. 25 ಡಿಗ್ರಿ ಸೆಲ್ಸಿಯಸ್ ದಾಟಿದ ನೀರು ಇದಕ್ಕೆ ಹಿತ. ಚೆನ್ನೈಯ ತೊಟ್ಟಿಗಳಲ್ಲಿ ವರ್ಷದ ಬಹುಪಾಲು ಅಂಥದ್ದೇ ನೀರು.

ಮೈಮೇಲೆ ಎಳೆ ಕಂಡ ಕೂಡಲೇ ಚಿಮಟ ಹಿಡಿಯುವುದು ಸಹಜ. ಒಂದೆರಡು ಕೋಯಿ ಇದ್ದರೆ ಅದು ಸರಿಯೂ ಹೌದು: ಬುಡದ ಹತ್ತಿರ ಹಿಡಿದು, ತಲೆ ಒಳಗೆ ಮುರಿದುಳಿಯದಂತೆ ನಿಧಾನವಾಗಿ ಎಳೆದು, ಗಾಯಕ್ಕೆ ನಂಜುನಿರೋಧಕ ಹಚ್ಚಬೇಕು. ಆದರೆ ಮೀನಿನ ಮೇಲೆ ಕಾಣುವುದು ರೋಗದ ಸಣ್ಣ ಪಾಲು ಮಾತ್ರ. ಲೆರ್ನಿಯಾದ ಮರಿಗಳು ನೀರಿನಲ್ಲಿ ತೇಲುತ್ತಿರುತ್ತವೆ. ಆರ್ಗ್ಯುಲಸ್‌ನ ಹೆಣ್ಣು, ಮೀನನ್ನು ಬಿಟ್ಟು ಹೋಗಿ ತೊಟ್ಟಿಯ ಗೋಡೆ, ಕಲ್ಲು, ಗಿಡಗಳಿಗೆ ಮೊಟ್ಟೆಗಳ ಪಟ್ಟಿಯನ್ನು ಅಂಟಿಸುತ್ತದೆ. ಆ ಮೊಟ್ಟೆಗಳಿಗೆ ಔಷಧ ತಟ್ಟುವುದಿಲ್ಲ. ಒಂದು ಸಲ ಮದ್ದು ಹಾಕಿ ‘ವಾಸಿಯಾಯಿತು’ ಎಂದುಕೊಂಡವರ ತೊಟ್ಟಿಯಲ್ಲಿ ಎರಡು ಮೂರು ವಾರದೊಳಗೆ ಹೇನು ಮತ್ತೆ ಕಾಣಿಸುವುದು ಇದರಿಂದಲೇ. ಚಿಕಿತ್ಸೆಯನ್ನು ಮೊಟ್ಟೆ ಒಡೆಯುವ ಅವಧಿಗೆ ಹೊಂದಿಸಿ ಮತ್ತೆ ಮತ್ತೆ ಮಾಡಲೇಬೇಕು.

ಅಗ್ಗವಾಗಿ ಸಿಗುವ ಪೊಟ್ಯಾಸಿಯಂ ಪರ್ಮಾಂಗನೇಟ್ ಅನ್ನು ಸಾಮಾನ್ಯವಾಗಿ 1,000 ಲೀಟರ್ ನೀರಿಗೆ 2 ಗ್ರಾಂ ಲೆಕ್ಕದಲ್ಲಿ ಬಳಸುತ್ತಾರೆ. ಅದು ಲೆರ್ನಿಯಾದ ಮರಿಗಳನ್ನು ಕೊಲ್ಲಬಹುದು, ಮಾಂಸದೊಳಗೆ ತಲೆ ಹೂತ ಹೆಣ್ಣನ್ನಲ್ಲ. ಹೆಚ್ಚಾದರೆ ಮೀನಿನ ಕಿವಿರೇ ಸುಡುತ್ತದೆ. ಡೈಫ್ಲುಬೆನ್ಜುರಾನ್ ಎಂಬ ಇನ್ನೊಂದು ಔಷಧದ ಬಗೆ ಬೇರೆ. ಕವಚಜೀವಿ ಬೆಳೆಯಬೇಕಾದರೆ ಹಳೆಯ ಕವಚ ಕಳಚಿ ಹೊಸದನ್ನು ಕಟ್ಟಿಕೊಳ್ಳಬೇಕು. ಆ ಕವಚದ ಕೈಟಿನ್ ತಯಾರಾಗದಂತೆ ಈ ಔಷಧ ತಡೆಯುತ್ತದೆ. ಬೆಳೆದ ಮೇಲೂ ಕವಚ ಕಳಚುತ್ತಲೇ ಇರುವ ಆರ್ಗ್ಯುಲಸ್ ಇದಕ್ಕೆ ಬಲಿಯಾಗುತ್ತದೆ. ಬೆಳವಣಿಗೆ ಮುಗಿಸಿದ ಲೆರ್ನಿಯಾ ಹೆಣ್ಣು ಉಳಿದುಕೊಳ್ಳುತ್ತದೆ, ಅದರ ಮರಿಗಳು ಮಾತ್ರ ಸಾಯುತ್ತವೆ.

ಮೀನಿನ ಹೇನನ್ನು ಕೊಲ್ಲುವ ಗುಣವೇ ಸಿಗಡಿ, ಏಡಿಗಳಿಗೂ ಮಾರಕ. ಮದ್ದು ಹಾಕಿದ ತೊಟ್ಟಿಯ ನೀರನ್ನು ಚರಂಡಿಗೆ ಬಿಡುವುದು ಚೆನ್ನೈಯಂಥ ಕಡಲೂರಿನಲ್ಲಿ ಸಣ್ಣ ತಪ್ಪಲ್ಲ. ಎಣ್ಣೂರಿನ ಅಳಿವೆಯಲ್ಲಿ ಸಿಗಡಿ ಹಿಡಿದು ಬದುಕುವ ಕುಟುಂಬಗಳಿವೆ. ಹೊಲದ ಕೀಟನಾಶಕವನ್ನು ಅಂದಾಜಿನ ಮೇಲೆ ಸುರಿಯುವುದು ಇನ್ನೂ ಅಪಾಯ. ಮೀನುರೋಗ ತಜ್ಞರನ್ನು ಕೇಳಿ, ನೀರಿನ ಪ್ರಮಾಣ ಅಳೆದೇ ಔಷಧ ಹಾಕಬೇಕು.

ಔಷಧವಿಲ್ಲದ ಉಪಾಯಗಳೂ ಇವೆ. ಆರ್ಗ್ಯುಲಸ್ ಮೊಟ್ಟೆಯಿಡಲೆಂದೇ ಕೊಳದಲ್ಲಿ ಹಲಗೆಗಳನ್ನು ಇಳಿಬಿಟ್ಟು, ವಾರಕ್ಕೊಮ್ಮೆ ಹೊರತೆಗೆದು ಕೆರೆದು ಬಿಸಿಲಿಗೆ ಒಣಗಿಸುವ ಪದ್ಧತಿ ವಿದೇಶಗಳ ಟ್ರೌಟ್ ಕೆರೆಗಳಲ್ಲಿ ಬಳಕೆಯಲ್ಲಿದೆ. ಸಿಮೆಂಟ್ ತೊಟ್ಟಿಯಾದರೆ ನೀರು ಖಾಲಿ ಮಾಡಿ, ಗೋಡೆ ಉಜ್ಜಿ, ಸುಣ್ಣ ಬಳಿದು ಚೆನ್ನೈಯ ಬಿಸಿಲಿಗೆ ಒಣಗಲು ಬಿಟ್ಟರೂ ಸಾಕು. ಕೆರೆಯಿಂದ ಬಲೆ ಹಾಕಿ ತಂದ ಜೀವಂತ ಡ್ಯಾಫ್ನಿಯಾ ಮರಿಮೀನುಗಳಿಗೆ ಒಳ್ಳೆಯ ಮೇವು, ಆದರೆ ಅದರ ಜೊತೆಗೆ ಪರಾವಲಂಬಿಗಳ ಮರಿಗಳೂ ಬರುತ್ತವೆ. ಮೀನಿಲ್ಲದ ತೊಟ್ಟಿಯಲ್ಲಿ ಸ್ವಂತವಾಗಿ ಬೆಳೆಸಿದ ಮೇವೇ ಸುರಕ್ಷಿತ.

ಹೊಸ ಮೀನು ಕೊಂಡವರು ಚೀಲದ ನೀರನ್ನು ಕೊಳಕ್ಕೆ ಸುರಿಯಬಾರದು. ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು, ರೆಕ್ಕೆಗಳ ಬುಡ, ಕಿವಿರಿನ ಅಂಚು, ಹೊಟ್ಟೆಯ ಕೆಳಭಾಗವನ್ನು ಟಾರ್ಚ್ ಬೆಳಕಿನಲ್ಲಿ ನೋಡುತ್ತಿರಬೇಕು. ಆ ತೊಟ್ಟಿಗೆ ಬಳಸಿದ ಬಲೆ, ಬಕೆಟ್ಟುಗಳೂ ಪ್ರತ್ಯೇಕವಾಗಿರಲಿ.