ಗುಜರಿ ಮೀಟರಿನ ಸಣ್ಣ ಅಕ್ಷರಗಳು

ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಗಲ್ಲಿಗಳಲ್ಲೋ ಪೀಣ್ಯದ ಗುಜರಿ ಗೋದಾಮುಗಳಲ್ಲೋ ಹಳೆಯ ಕಂಟ್ರೋಲ್ ಪ್ಯಾನಲ್ ಬಿಚ್ಚಿಹಾಕಿದ ರಾಶಿಗೆ ಕೈಹಾಕಿದರೆ ಚೌಕ ಮುಖದ ಮೀಟರುಗಳು ಸಿಗುತ್ತವೆ. ಕೆಲವುಗಳ ಮೇಲೆ ‘ಡಿ.ಸಿ. ಆಂಪಿಯರ್, 0–300’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಮನೆಯ ಮೂಲೆಯಲ್ಲಿ ಬ್ಯಾಟರಿ ಚಾರ್ಜರೋ ಪವರ್ ಸಪ್ಲೈಯೋ ಕಟ್ಟುತ್ತ ಕೂರುವವರಿಗೆ ಮುನ್ನೂರು ಆಂಪಿಯರ್ ಯಾವ ಲೆಕ್ಕ? ಎತ್ತಿ ನೋಡಿ, ಮತ್ತೆ ರಾಶಿಗೇ ಎಸೆಯುವವರು ಹೆಚ್ಚು. ಎಸೆಯಬಾರದು. ಆ ಮೀಟರಿನೊಳಗೆ ಮುನ್ನೂರು ಆಂಪಿಯರ್ ಎಂದೂ ಹರಿದಿಲ್ಲ. ಹರಿದಿದ್ದರೆ ಗುಜರಿಗೆ ಬರುವ ಮೊದಲೇ ಕರಕಲಾಗಿರುತ್ತಿತ್ತು. ಒಳಗಿನ ತೆಳುತಂತಿ ತಾಳುವುದು ಕೆಲವೇ ಮಿಲಿಆಂಪಿಯರ್. ಡಯಲಿನ ದೊಡ್ಡ ಅಂಕಿ ಅದು ಹಿಂದೆ ದುಡಿದ ಕಾರ್ಖಾನೆಗೆ ಸೇರಿದ್ದು. ಮೀಟರಿನ ಸ್ವಂತ ಯೋಗ್ಯತೆಯನ್ನು ಬರೆದಿರುವುದು ಕೆಳತುದಿಯಲ್ಲಿ, ಭೂತಗನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣದಾಗಿ.

ಈ ಯಂತ್ರಕ್ಕೆ ನೂರೈವತ್ತು ವರ್ಷ ತುಂಬುತ್ತ ಬಂತು. ಒಳಗಿನ ವಿನ್ಯಾಸ ಮಾತ್ರ ಹೆಚ್ಚೇನೂ ಬದಲಾಗಿಲ್ಲ. 1882ರಲ್ಲಿ ಫ್ರಾನ್ಸಿನ ಮಾರ್ಸೆಲ್ ದೆಪ್ರೆ ಮತ್ತು ಆರ್ಸೆನ್ ದಾರ್ಸೊನ್ವಾಲ್ ಕುದುರೆಲಾಳದಂಥ ಅಯಸ್ಕಾಂತದ ಧ್ರುವಗಳ ನಡುವೆ ತಂತಿಯ ಸುರುಳಿಯೊಂದನ್ನು ತೂಗುಹಾಕಿದರು. ಸುರುಳಿಯಲ್ಲಿ ಕರೆಂಟು ಹರಿದಾಗ ಅದು ತಿರುಗುತ್ತಿತ್ತು. ಪ್ರಯೋಗಾಲಯದ ಮೇಜಿಗೆ ಅಂಟಿಕೊಂಡಿದ್ದ ಆ ಸಾಧನವನ್ನು 1888ರ ಹೊತ್ತಿಗೆ ಅಮೆರಿಕದಲ್ಲಿದ್ದ ಎಡ್ವರ್ಡ್ ವೆಸ್ಟನ್ ಕೈಯಲ್ಲಿ ಒಯ್ಯಬಹುದಾದ ಮೀಟರಾಗಿ ಮಾಡಿದ. ಸುರುಳಿಗೆ ಅಂಟಿದ ನವಿರಾದ ಸ್ಪ್ರಿಂಗುಗಳಿಗೆ ಎರಡು ಕೆಲಸ: ಕರೆಂಟನ್ನು ಒಳಕ್ಕೆ ತರುವುದು, ಮುಳ್ಳನ್ನು ಸೊನ್ನೆಯ ಕಡೆಗೆ ಎಳೆಯುವುದು. ಸುರುಳಿಯ ನಡುವೆ ಮೆದುಕಬ್ಬಿಣದ ಉರುಳೆಯಿದೆ. ಅದಕ್ಕೆ ಹೊಂದುವಂತೆ ಧ್ರುವಗಳ ಒಳಮೈಯನ್ನು ದುಂಡಗೆ ಕೊರೆದಿದೆ. ಇದರಿಂದಾಗಿ ಸುರುಳಿ ಎಷ್ಟು ತಿರುಗಿದರೂ ಅದಕ್ಕೆ ಎದುರಾಗುವ ಕಾಂತಬಲ ಒಂದೇ ಸಮ. ಕರೆಂಟು ಇಮ್ಮಡಿಯಾದರೆ ಮುಳ್ಳಿನ ಓಟವೂ ಇಮ್ಮಡಿ. ಡಯಲಿನ ಗೆರೆಗಳು ಒಂದೇ ಅಂತರದಲ್ಲಿ ಬರುತ್ತವೆ, ಅವುಗಳ ಕೆಳಗೆ ಆಂಪಿಯರ್, ವೋಲ್ಟ್, ಡಿಗ್ರಿ, ಆರ್‌ಪಿಎಂ ಯಾವುದನ್ನು ಬರೆದರೂ ಒಪ್ಪುತ್ತದೆ.

ಹಾಗಾದರೆ ಮುನ್ನೂರು ಆಂಪಿಯರ್ ಎಲ್ಲಿ ಹರಿಯಿತು? ಮೀಟರಿನ ಹೊರಗೆ, ಶಂಟ್ ಎಂಬ ದಪ್ಪ ಲೋಹಪಟ್ಟಿಯಲ್ಲಿ. ಅದರ ರೋಧ ಒಂದು ಓಮಿನ ನಾಲ್ಕು ಸಾವಿರದಲ್ಲಿ ಒಂದು ಭಾಗ ಎಂದುಕೊಳ್ಳಿ. 300 ಆಂಪಿಯರ್ ಹರಿದಾಗ ಅದರ ಎರಡು ತುದಿಗಳ ನಡುವೆ 75 ಮಿಲಿವೋಲ್ಟ್ ಹುಟ್ಟುತ್ತದೆ. ಮೀಟರು ಓದುವುದು ಅದನ್ನೇ. ಡಯಲಿನ ಮೂಲೆಯಲ್ಲಿ ‘75 ಎಂ.ವಿ.’ ಎಂದಿದ್ದರೆ ನಿಮ್ಮ ಕೈಯಲ್ಲಿರುವುದು ಮಿಲಿವೋಲ್ಟ್ ಮೀಟರು. ಡಿ.ಸಿ. ವೋಲ್ಟ್ ಮೀಟರಿನ ಗುಟ್ಟು ಇದರ ತಿರುವುಮುರುವು. 300 ವೋಲ್ಟಿನ ಮೀಟರಿನ ಹಿಂಬದಿ ಬಿಚ್ಚಿದರೆ ಸಾಮಾನ್ಯವಾಗಿ ಒಂದು ದೊಡ್ಡ ರೆಸಿಸ್ಟರ್ ಕಾಣುತ್ತದೆ. ಅದು ಮೂರು ಲಕ್ಷ ಓಮಿನದಾಗಿದ್ದರೆ ಒಳಗಿನದು ಒಂದು ಮಿಲಿಆಂಪಿಯರಿನ ಮೀಟರು.

ಇನ್ನು ಕೆಳತುದಿಯ ಚಿಹ್ನೆಗಳು. ಸಣ್ಣ ಲಾಳದ ಚಿತ್ರವಿದ್ದರೆ ಅದು ಈವರೆಗೆ ಹೇಳಿದ ಚಲಿಸುವ ಸುರುಳಿಯ ಮೀಟರು. ಅಂಕುಡೊಂಕು ಗೆರೆಯ ನಡುವೆ ಒಂದು ನೆಟ್ಟನೆ ಗೆರೆ ಇದ್ದರೆ ಚಲಿಸುವ ಕಬ್ಬಿಣದ್ದು. ಇದು ಎ.ಸಿ.ಗೆ ಹೆಚ್ಚು ಬಳಕೆ. ಮುಳ್ಳು ಕರೆಂಟಿನ ವರ್ಗವನ್ನು ಅನುಸರಿಸುವುದರಿಂದ ಆರಂಭದ ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಒತ್ತೊತ್ತಾಗಿರುತ್ತವೆ. ನಕ್ಷತ್ರದೊಳಗಿನ ಅಂಕಿ ಮೀಟರಿನ ಹೊರಕವಚದ ನಿರೋಧಕತೆಯನ್ನು ಎಷ್ಟು ಕಿಲೋವೋಲ್ಟಿನಲ್ಲಿ ಪರೀಕ್ಷಿಸಿದ್ದಾರೆ ಎಂಬುದನ್ನು ಹೇಳುತ್ತದೆ. ಅಂಕಿಯಿಲ್ಲದ ನಕ್ಷತ್ರ ಎಂದರೆ 500 ವೋಲ್ಟ್. ತಲೆಕೆಳಗಾದ ‘ಟಿ’ಯಂಥ ಗುರುತು ‘ನೆಟ್ಟಗೆ ನಿಲ್ಲಿಸಿ ಓದಿ’ ಎಂಬ ಸೂಚನೆ. 1.5 ಎಂಬ ಒಂಟಿ ಅಂಕಿ ನಿಖರತೆಯ ದರ್ಜೆ. ಭಾರತದಲ್ಲಿ ಐಎಸ್ 1248 ಮಾನಕ ಇಂಥ ಮೀಟರುಗಳಿಗೆ ಸಂಬಂಧಿಸಿದ್ದು.

ಆ ದರ್ಜೆಯನ್ನು ಬಹಳ ಮಂದಿ ತಪ್ಪಾಗಿ ಓದುತ್ತಾರೆ. 1.5 ಎಂದರೆ ಪೂರ್ಣ ಅಳತೆಯ ಶೇ. 1.5. ಮುನ್ನೂರು ವೋಲ್ಟಿನ ಮೀಟರಿನಲ್ಲಿ ಅದು 4.5 ವೋಲ್ಟ್, ಡಯಲಿನ ಎಲ್ಲ ಕಡೆಯೂ ಅಷ್ಟೇ. ಮುಳ್ಳು 30 ವೋಲ್ಟ್ ತೋರಿಸುವಾಗ ಆ ನಾಲ್ಕೂವರೆ ವೋಲ್ಟ್ ಶೇ. 15ರಷ್ಟು ತಪ್ಪಾಗಬಲ್ಲದು. ಆದ್ದರಿಂದ ಬೇಕಾದ ಓದು ಡಯಲಿನ ಮೇಲರ್ಧದಲ್ಲಿ ಬರುವಂತೆ ವ್ಯಾಪ್ತಿಯನ್ನು ಹೊಂದಿಸಿಕೊಳ್ಳಬೇಕು.

ಅಂಗಡಿಯಲ್ಲೇ ಮೀಟರಿನ ಜೀವ ನೋಡಲು ಬ್ಯಾಟರಿ ಬೇಕಿಲ್ಲ. ಮೆಲ್ಲಗೆ ಅಲುಗಿಸಿ, ಮುಳ್ಳು ಓಲಾಡುತ್ತದೆ. ಹಿಂದಿನ ಎರಡೂ ಟರ್ಮಿನಲ್‌ಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ ಮತ್ತೆ ಅಲುಗಿಸಿ. ಮುಳ್ಳು ಎಣ್ಣೆಯಲ್ಲಿ ಅದ್ದಿದಂತೆ ನಿಧಾನವಾದರೆ ಸುರುಳಿ ಸರಿಯಿದೆ. ಅಯಸ್ಕಾಂತದ ನಡುವೆ ಅಲುಗುವ ಸುರುಳಿ ತಾನೇ ಪುಟ್ಟ ಡೈನಮೊ ಆಗುತ್ತದೆ. ಟರ್ಮಿನಲ್ ಜೋಡಿಸಿದಾಗ ಹರಿಯುವ ಕರೆಂಟು ಅದರ ಚಲನೆಯನ್ನೇ ತಡೆಯುತ್ತದೆ. ನಾಜೂಕಿನ ಮೀಟರುಗಳನ್ನು ಸಾಗಿಸುವಾಗ ಟರ್ಮಿನಲ್‌ಗಳಿಗೆ ತಂತಿ ಸುತ್ತುವುದೂ ಇದಕ್ಕೇ.

ಮನೆಗೆ ತಂದ ಮೇಲೆ ತಿಳಿಯಬೇಕಾದದ್ದು ಎರಡು ಸಂಗತಿ: ಮುಳ್ಳನ್ನು ಕೊನೆಗೆ ಒಯ್ಯುವ ಕರೆಂಟು ಎಷ್ಟು, ಸುರುಳಿಯ ರೋಧ ಎಷ್ಟು. ಮಲ್ಟಿಮೀಟರಿನ ಓಮ್ ವ್ಯಾಪ್ತಿಯನ್ನು ನೇರವಾಗಿ ತಾಗಿಸಿದರೆ ಸೂಕ್ಷ್ಮ ಸುರುಳಿ ಕೆಡಬಹುದು. ಅದರ ಬದಲು 9 ವೋಲ್ಟಿನ ಬ್ಯಾಟರಿ, ದೊಡ್ಡ ಬೆಲೆಯ ರೆಸಿಸ್ಟರ್, ಮಲ್ಟಿಮೀಟರಿನ ಮಿಲಿಆಂಪಿಯರ್ ವ್ಯಾಪ್ತಿ ಮತ್ತು ಗುಜರಿ ಮೀಟರು, ಇಷ್ಟನ್ನೂ ಸರಣಿಯಲ್ಲಿ ಜೋಡಿಸಿ. ಹತ್ತು ಲಕ್ಷ ಓಮಿನಿಂದ ಶುರುಮಾಡಿ ಇಳಿಸುತ್ತ ಬಂದು, ಮುಳ್ಳು ಕೊನೆಯ ಗೆರೆ ಮುಟ್ಟಿದಾಗ ಕರೆಂಟನ್ನು ಬರೆದುಕೊಳ್ಳಿ. ಆಮೇಲೆ ಮೀಟರಿನ ಎರಡು ಟರ್ಮಿನಲ್‌ಗಳಿಗೆ ಅಡ್ಡಲಾಗಿ ಇನ್ನೊಂದು ವೇರಿಯಬಲ್ ರೆಸಿಸ್ಟರ್ ಹಾಕಿ, ಮುಳ್ಳು ಅರ್ಧಕ್ಕೆ ಇಳಿಯುವವರೆಗೆ ಹೊಂದಿಸಿ. ಈಗ ಅರ್ಧ ಕರೆಂಟು ಅದರಲ್ಲಿ, ಅರ್ಧ ಸುರುಳಿಯಲ್ಲಿ. ರೆಸಿಸ್ಟರನ್ನು ಬಿಚ್ಚಿ ಅಳೆದರೆ ಸಿಗುವುದೇ ಸುರುಳಿಯ ರೋಧ.

ಒಂದು ಮಿಲಿಆಂಪಿಯರ್, 100 ಓಮ್ ಎಂದು ಬಂತೆನ್ನಿ. 10 ವೋಲ್ಟ್ ಅಳೆಯಲು ಒಟ್ಟು 10,000 ಓಮ್ ಬೇಕು; ಸುರುಳಿಯ ನೂರು ಕಳೆದರೆ 9,900 ಓಮನ್ನು ಸರಣಿಯಲ್ಲಿ ಹಾಕಬೇಕು. 20 ಮಿಲಿಆಂಪಿಯರ್ ಅಳೆಯಲು, ಉಳಿದ 19 ಹರಿದುಹೋಗುವಂತೆ 5.26 ಓಮಿನ ಶಂಟ್ ಸಾಕು.

20 ಮಿಲಿಆಂಪಿಯರ್ ಎಂಬ ಅಂಕಿಗೆ ಬೇರೆಯದೇ ಬೆಲೆಯಿದೆ. ಕಾರ್ಖಾನೆಗಳ ಒತ್ತಡ, ಉಷ್ಣತೆ, ನೀರಿನ ಮಟ್ಟದ ಎಷ್ಟೋ ಟ್ರಾನ್ಸ್‌ಮಿಟರುಗಳು ತಮ್ಮ ಅಳತೆಯನ್ನು 4ರಿಂದ 20 ಮಿಲಿಆಂಪಿಯರ್ ಕರೆಂಟಾಗಿ ಕಳಿಸುತ್ತವೆ. ಅದಕ್ಕೂ ಮೊದಲು ಗಾಳಿಯ ಒತ್ತಡದಲ್ಲಿ, 3ರಿಂದ 15 ಪಿಎಸ್‌ಐ ವ್ಯಾಪ್ತಿಯಲ್ಲಿ, ಸುದ್ದಿ ಕಳಿಸುತ್ತಿದ್ದರು. ಎರಡರಲ್ಲೂ ಒಂದಕ್ಕೆ ಐದರ ಪ್ರಮಾಣ. ಸೊನ್ನೆ ಅಳತೆಗೂ 4 ಮಿಲಿಆಂಪಿಯರ್ ಇಟ್ಟಿರುವುದರಿಂದ ತಂತಿ ಕಡಿದರೆ ತಕ್ಷಣ ಗೊತ್ತಾಗುತ್ತದೆ. ಗುಜರಿಯ 10 ಬಾರ್ ಟ್ರಾನ್ಸ್‌ಮಿಟರಿಗೆ 24 ವೋಲ್ಟ್ ಕೊಟ್ಟು, ಶಂಟ್ ಹಾಕಿದ ಮೀಟರನ್ನು ಅದೇ ತಂತಿಯಲ್ಲಿ ಸೇರಿಸಿದರೆ ಏರ್ ಕಂಪ್ರೆಸರಿಗೆ ಒತ್ತಡದ ಮೀಟರು ಸಿದ್ಧ. ಡಯಲಿನ ಐದನೇ ಒಂದು ಭಾಗದಲ್ಲಿ ಸೊನ್ನೆ, 12 ಮಿಲಿಆಂಪಿಯರಿನಲ್ಲಿ 5 ಬಾರ್.

ಮುಟ್ಟಬಾರದ್ದೂ ಕೆಲವಿವೆ. ‘100/5 ಎ’ ಎಂದು ಬರೆದ ಎ.ಸಿ. ಮೀಟರು ಕರೆಂಟ್ ಟ್ರಾನ್ಸ್‌ಫಾರ್ಮರಿನ ಜೊತೆಗಾರ. ಮುಖ್ಯ ತಂತಿಯಲ್ಲಿ ಕರೆಂಟಿರುವಾಗ ಆ ಟ್ರಾನ್ಸ್‌ಫಾರ್ಮರಿನ ತುದಿಗಳನ್ನು ಬಿಚ್ಚಿಟ್ಟರೆ ಪ್ರಾಣಾಂತಿಕ ವೋಲ್ಟೇಜ್ ಏಳಬಹುದು. ಕತ್ತಲಲ್ಲಿ ಹೊಳೆಯುವಂತೆ ಬಣ್ಣ ಬಳಿದ ಹಳೆಯ ವಿಮಾನದ ಡಯಲುಗಳಲ್ಲಿ ರೇಡಿಯಂ ಇರಬಹುದು, ಅವನ್ನು ಬಿಚ್ಚಬಾರದು. ಕಾಗದದ ದಪ್ಪ, ತೊಟ್ಟಿಯ ಮಟ್ಟ ಅಳೆಯುವ ಕೆಲವು ಗೇಜುಗಳೊಳಗೆ ಸೀಸಿಯಂ, ಕೋಬಾಲ್ಟ್‌ನಂಥ ವಿಕಿರಣ ಮೂಲವಿರುತ್ತದೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಹಳೆಯ ಗಾಮಾ ಉಪಕರಣವೊಂದು ಗುಜರಿಯಾಗಿ ಮಾಯಾಪುರಿ ಸೇರಿ, ಕೋಬಾಲ್ಟ್-60ರ ವಿಕಿರಣಕ್ಕೆ ಒಬ್ಬರು ಸತ್ತರು. ಅದು ಅಳತೆಯ ಸಾಧನವಾಗಿರಲಿಲ್ಲ, ಪಾಠ ಮಾತ್ರ ಅದೇ: ಮೂರು ಎಸಳಿನ ಚಿಹ್ನೆ ಕಂಡರೆ, ಭಾರದ ಸೀಸದ ಕವಚ ಕಂಡರೆ, ದೂರ ಸರಿದು ಪೊಲೀಸರಿಗೆ ತಿಳಿಸಬೇಕು.

ಉಳಿದ ಮೀಟರುಗಳಿಗೆ ಹೊಸ ಡಯಲನ್ನು ಕಾಗದದ ಮೇಲೆ ಮುದ್ರಿಸಿ ಹಳೆಯದರ ಮೇಲೆ ಅಂಟಿಸಬಹುದು. ದೊಡ್ಡ ಅಂಕಿ ನಿಮ್ಮ ಇಷ್ಟದ್ದು. ಆದರೆ ಅಳೆದು ಕಂಡುಕೊಂಡ ಕರೆಂಟನ್ನೂ ರೋಧವನ್ನೂ ಕೆಳತುದಿಯಲ್ಲಿ ಸಣ್ಣದಾಗಿ ಬರೆದಿಡಿ. ಮೀಟರು ಮತ್ತೆ ಗುಜರಿ ಸೇರಿದಾಗ, ಮುಂದೆ ಕೊಳ್ಳುವವರಿಗೆ ಬೇಕಾಗುವುದು ಆ ಎರಡು ಅಂಕಿಗಳೇ.