ರೇಡಿಯೇಟರಿನೊಳಗೆ ಎಣ್ಣೆ

ರೇಡಿಯೇಟರ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಘಾಟಿ ಹತ್ತಿ ಸುಸ್ತಾಗಿ ನಿಂತ ಲಾರಿ, ಬುಸುಗುಡುವ ಹಬೆ, ಕೊಡದಲ್ಲಿ ನೀರು ಹಿಡಿದ ಕ್ಲೀನರ್. ಅದರೊಳಗೆ ನೀರಿನ ಜತೆ ಎಣ್ಣೆಯೂ ಹರಿದೀತೆಂದು ಯಾರೂ ಯೋಚಿಸುವುದಿಲ್ಲ. ನಮ್ಮ ಹೆಚ್ಚಿನ ಲಾರಿಗಳಲ್ಲಿ ಗೇರು ಬದಲಿಸುವುದು ಕೈಯಿಂದ. ಅವುಗಳ ಗೇರ್‌ಬಾಕ್ಸಿಗೂ ರೇಡಿಯೇಟರಿಗೂ ಸಾಮಾನ್ಯವಾಗಿ ನಂಟಿಲ್ಲ.

ಅಮೆರಿಕದ ಮಾತು ಬೇರೆ. ಅಲ್ಲಿ ಜನ ‘ಟ್ರಕ್’ ಎನ್ನುವುದು ಹೆಚ್ಚಾಗಿ ಪಿಕಪ್ಪಿಗೆ. ಬಹುತೇಕ ಎಲ್ಲವೂ ಆಟೊಮ್ಯಾಟಿಕ್. ಕ್ಲಚ್ಚಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇದ್ದು, ಎಂಜಿನ್ನಿನ ಶಕ್ತಿ ಎಣ್ಣೆಯ ಮೂಲಕ ದಾಟುತ್ತದೆ. ಮೊಸರು ಕಡೆದಂತೆ ಕಡೆಸಿಕೊಂಡ ಎಣ್ಣೆ ಕಾಯುತ್ತದೆ. ಹಿಂದೆ ದೋಣಿಯನ್ನೋ ಟ್ರೇಲರನ್ನೋ ಕಟ್ಟಿ ಎಳೆದರಂತೂ ಕೇಳುವುದೇ ಬೇಡ. ಅದನ್ನು ತಣಿಸಲು ರೇಡಿಯೇಟರಿನ ಒಂದು ತೊಟ್ಟಿಯೊಳಗೆ ಇನ್ನೊಂದು ಪುಟ್ಟ ಕೂಲರ್ ಇಟ್ಟಿರುತ್ತಾರೆ. ಒಂದು ಪೈಪಿನಲ್ಲಿ ಬಿಸಿ ಎಣ್ಣೆ ಬರುತ್ತದೆ, ಇನ್ನೊಂದರಲ್ಲಿ ತಣಿದು ಗೇರ್‌ಬಾಕ್ಸಿಗೆ ಮರಳುತ್ತದೆ. ಹೊರಗೆ ಕೂಲಂಟ್, ಒಳಗೆ ಎಣ್ಣೆ. ನಡುವೆ ತೆಳುವಾದ ಲೋಹದ ಗೋಡೆ.

ಆ ಗೋಡೆ ಬಿರುಕುಬಿಟ್ಟರೆ ಏನಾಗುತ್ತದೆಂದು 2005ರಿಂದ 2010ರವರೆಗಿನ ಮಾಡೆಲಿನ ನಿಸಾನ್ ಫ್ರಾಂಟಿಯರ್, ಎಕ್ಸ್‌ಟೆರಾ, ಪಾತ್‌ಫೈಂಡರ್ ಗಾಡಿಗಳ ಹಲವು ಮಾಲೀಕರು ಕಂಡರು. ಕೆಂಪು ಎಣ್ಣೆಯೂ ಕೂಲಂಟೂ ಬೆರೆತು ನಸುಗೆಂಪು ನೊರೆಯಾಯಿತು. ‘ಸ್ಟ್ರಾಬೆರಿ ಮಿಲ್ಕ್‌ಶೇಕ್’ ಎಂದು ಅದಕ್ಕೊಂದು ಹೆಸರೂ ಬಿತ್ತು, ಕುಡಿದದ್ದು ಗೇರ್‌ಬಾಕ್ಸ್. ಅದರೊಳಗಿನ ಕ್ಲಚ್ ತಟ್ಟೆಗಳ ಹೊದಿಕೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ನೀರು ತಗುಲಿದರೆ ಅಂಟು ಸಡಿಲವಾಗುತ್ತದೆ. ಕೆಲವು ನೂರು ಡಾಲರಿನ ರೇಡಿಯೇಟರ್ ಕೆಲವು ಸಾವಿರದ ಗೇರ್‌ಬಾಕ್ಸನ್ನು ಮುಳುಗಿಸುವುದು ಹೀಗೆ. ವಿಷಯ ಕೋರ್ಟಿನವರೆಗೆ ಹೋಗಿ, ಕಂಪನಿ ವಾರಂಟಿ ಅವಧಿಯನ್ನು ಹೆಚ್ಚಿಸಬೇಕಾಯಿತು.

ಹೊಸ ರೇಡಿಯೇಟರ್ ಕೂರಿಸುವಾಗ ಇದೇ ಅನಾಹುತವನ್ನು ಕೈಯಾರೆ ತಂದುಕೊಳ್ಳುವುದೂ ಸುಲಭ. ಪೈಪಿನ ನಟ್ಟನ್ನು ಮಾಮೂಲಿ ಸ್ಪ್ಯಾನರಿನಿಂದ ತಿರುಗಿಸಿದರೆ ಅದರ ಮೂಲೆ ಸವೆಯುತ್ತದೆ. ಆರು ಮೈಯನ್ನೂ ತಬ್ಬುವ, ಪೈಪು ತೂರಲು ಸೀಳಿರುವ ಸ್ಪ್ಯಾನರೇ ಬೇಕು. ರೇಡಿಯೇಟರಿನ ಕಡೆಯ ಫಿಟಿಂಗನ್ನು ಇನ್ನೊಂದು ಸ್ಪ್ಯಾನರಿನಿಂದ ಅಲ್ಲಾಡದಂತೆ ಹಿಡಿಯಬೇಕು. ಇಲ್ಲವಾದರೆ ತಿರುಚು ನೇರ ಒಳಗಿನ ಕೂಲರಿಗೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಕಾಣದು, ಒಳಗೆ ಸೋರಿಕೆ ಶುರುವಾಗಿರುತ್ತದೆ.

ಜೋಡಿಸುವಾಗ ಅವಸರ ಸಲ್ಲದು. ರೇಡಿಯೇಟರಿನ ಬೋಲ್ಟುಗಳನ್ನು ಬಿಗಿಯುವ ಮೊದಲೇ, ಅದು ಇನ್ನೂ ಆಚೀಚೆ ಸರಿಯುವಂತಿರುವಾಗಲೇ, ನಟ್ಟನ್ನು ಬರಿಗೈಯಲ್ಲಿ ಮೂರು ನಾಲ್ಕು ಸುತ್ತು ಹಾಕಿಕೊಳ್ಳಬೇಕು. ಬೆರಳಿಗೆ ತಿರುಗದಿದ್ದರೆ ಥ್ರೆಡ್ ಅಡ್ಡ ಕೂತಿದೆಯೆಂದೇ ಅರ್ಥ. ಬಿಚ್ಚಿ ಮತ್ತೆ ಕೂರಿಸಬೇಕು. ಸ್ಪ್ಯಾನರಿಗೆ ಅಂಥ ನಾಜೂಕು ತಿಳಿಯದು, ಮೆತ್ತನೆಯ ಹಿತ್ತಾಳೆಯನ್ನು ಕೊರೆದುಕೊಂಡೇ ಒಳನುಗ್ಗುತ್ತದೆ. ಪೈಪಿನ ತುದಿ ಅರಳಿಸಿದ ಮಾದರಿಗೆ ಟೆಫ್ಲಾನ್ ಟೇಪು ಬೇಡ: ಅಲ್ಲಿ ಸೋರಿಕೆ ತಡೆಯುವುದು ಲೋಹಕ್ಕೆ ಲೋಹ ಕೂರುವುದರಿಂದ. ಈಚಿನ ಗಾಡಿಗಳ ಕ್ಲಿಪ್ ಜೋಡಣೆಯಾದರೆ ‘ಟಿಕ್’ ಶಬ್ದ ಕೇಳಿದ ಮೇಲೂ ಒಮ್ಮೆ ಎಳೆದು ನೋಡುವುದು ಲೇಸು. ಮುಂದೆ ಇನ್ನೊಂದು ಹೆಚ್ಚುವರಿ ಕೂಲರ್ ಇದ್ದರೆ ಸಾಮಾನ್ಯವಾಗಿ ಬಿಸಿ ಎಣ್ಣೆ ಮೊದಲು ರೇಡಿಯೇಟರಿಗೆ, ಆಮೇಲೆ ಆ ಕೂಲರಿಗೆ, ಕೊನೆಗೆ ಗೇರ್‌ಬಾಕ್ಸಿಗೆ.

ತುಕ್ಕು ಹಿಡಿದ ಪೈಪನ್ನು ಕತ್ತರಿಸಿ ರಬ್ಬರ್ ಹೋಸ್ ಸಿಕ್ಕಿಸುವವರಿದ್ದಾರೆ. ಅದು ಗೇರ್‌ಬಾಕ್ಸ್ ಎಣ್ಣೆಗೆಂದೇ ಮಾಡಿದ ಹೋಸ್ ಆಗಿರಬೇಕು. ಕೂಲಂಟಿನ ಹೋಸ್ ಆ ಎಣ್ಣೆಗೆ ಉಬ್ಬಿ ಮೆತ್ತಗಾಗುತ್ತದೆ.

ಹಳೆಯ ರೇಡಿಯೇಟರಿನ ಜತೆ ಒಂದಿಷ್ಟು ಎಣ್ಣೆಯೂ ಹೋಗಿರುತ್ತದೆ. ಕಂಪನಿ ಹೇಳಿದ ಜಾತಿಯದನ್ನೇ ತುಂಬಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ತುಳಿದು ಗೇರ್ ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಆಡಿಸಬೇಕು. ಮಟ್ಟ ನೋಡುವುದು ಸಮನೆಲದಲ್ಲಿ. ಹೆಚ್ಚಿನ ಗಾಡಿಗಳಲ್ಲಿ ಎಣ್ಣೆ ಬಿಸಿಯಾಗಿ ಎಂಜಿನ್ ಓಡುತ್ತಿರುವಾಗಲೇ. ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿಟ್ಟರೆ, ಹನಿ ಬಿದ್ದಿದೆಯೇ ಎಂಬುದು ಬೆಳಗ್ಗೆ ಗೊತ್ತಾಗುತ್ತದೆ.